ಅಕ್ಕನ ಅಡುಗೆಮನೆಗೆ ಬಂದ ಪೆರು ದೇಶದ ಕಾಳು

ಪರದೇಶಕ್ಕೆ ಹೋಗಿಬಂದವರ ಸುತ್ತ ನಮ್ಮೂರಿನಲ್ಲಿ ಜನ ಕೂರುತ್ತಾರೆ, ಕಾಫಿ ಕೊಟ್ಟು ಕಥೆ ಕೇಳುತ್ತಾರೆ. ಮುಂಬಯಿಗೆ ಹೋಗಿಬಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೂ ಹೇಳುವುದು ಮೇಷ್ಟರುಗಳ ಹುಟ್ಟುಗುಣ. ನಾನು ತುಮಕೂರಿನ ಹುಡುಗಿಯರ ಹೈಸ್ಕೂಲಿನಲ್ಲಿ ಭೂಗೋಳ ಹೇಳುವವಳು. ದಕ್ಷಿಣ ಅಮೆರಿಕದ ನಕ್ಷೆಯನ್ನು ಕಣ್ಣುಮುಚ್ಚಿ ಕಪ್ಪುಹಲಗೆಯ ಮೇಲೆ ಬರೆಯಬಲ್ಲೆ. ಆದರೆ ಅಲ್ಲಿಯವರೆಗೆ ರಾಜ್ಯದ ಗಡಿ ದಾಟಿದ್ದು ತಿರುಪತಿಗೆ ಹೋದಾಗ ಮಾತ್ರ, ಅದೂ ಬಸ್ಸಿನಲ್ಲಿ ನಿದ್ದೆ ಮಾಡುತ್ತ. ಹಾಗಾಗಿ ನನ್ನ ಮಟ್ಟಿಗೆ ಮುಂಬಯಿಯೇ ಪರದೇಶ. ಭಾಷೆ ಬೇರೆ, ನೀರು ಬೇರೆ, ಜನರ ನಡಿಗೆಯ ವೇಗ ಬೇರೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನ ಒಂದು ಬೇಸಿಗೆ ರಜ. ಸಾಂತಾಕ್ರೂಜಿನಲ್ಲಿರುವ ನನ್ನ ಅಕ್ಕ ಜಾನಕಿಯ ಗಂಡ, ಅಂದರೆ ನನ್ನ ಭಾವ, ಶಾಲೆಗೆ ಟ್ರಂಕ್‌ಕಾಲ್ ಮಾಡಿದರು. ಹೆಡ್‌ಮಿಸ್ಟ್ರೆಸ್ಸಿನ ಕೋಣೆಯಲ್ಲಿ ನಿಂತು ಕೇಳಿಸಿಕೊಂಡೆ.

"ನಿಮ್ಮಕ್ಕ ನನ್ನ ಮಾತು ಕೇಳಲ್ಲ ರುಕ್ಮಿಣಿ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಕದ್ದು ಅನ್ನ ತಿಂತಾಳೆ. ಹೋದ ವರ್ಷ ಹೆಬ್ಬೆರಳು ಹೋಯ್ತು. ಈಗ ಅಂಗಾಲಲ್ಲಿ ಇನ್ನೊಂದು ಹುಣ್ಣು. ಅದು ಒಣಗದೇ ಇದ್ರೆ ಅರ್ಧ ಪಾದ ತೆಗೀಬೇಕು ಅಂತ ಪರೇಲಿನ ಡಾಕ್ಟರು ಹೇಳಿದಾರೆ. ನೀನು ಬಂದು ಅಡುಗೆಮನೆ ಕಾವಲು ಮಾಡು."

ಕಾವಲು ಎಂಬ ಮಾತೇ ಆಡಿದರು. ಅಕ್ಕನ ಕಾಲು ಉಳಿಸಲು ನಾನು ಹೊರಟೆ.

ದಾದರ್

ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ದಾದರಿನಲ್ಲಿ ಇಳಿದಾಗ ಭಾವ ಕಾಯುತ್ತಿದ್ದರು. ಕಾಲರಿನೊಳಗೆ ಕರ್ಚೀಫು, ಕೈಯಲ್ಲಿ ಮಡಿಸಿದ ಕೊಡೆ. ಫೋರ್ಟ್ ಕಡೆಯ ಯಾವುದೋ ಆಫೀಸಿನಲ್ಲಿ ಸೂಪರಿಂಟೆಂಡೆಂಟ್. ಮಾತು ಕಡಿಮೆ, ಆಡಿದ್ದೆಲ್ಲ ಆಜ್ಞೆ. ನನ್ನನ್ನು ಲೋಕಲ್‌ನ ಹೆಂಗಸರ ಡಬ್ಬಕ್ಕೆ ತಳ್ಳಿ, "ಸಾಂತಾಕ್ರೂಜ್‌ನಲ್ಲಿ ಇಳಿ, ನಾನು ಹಿಂದೆ ಇರ್ತೀನಿ" ಎಂದು ಮಾಯವಾದರು.

ಒಳಗೆ ನಿಲ್ಲಲು ಜಾಗ ಹುಡುಕಲಿಲ್ಲ. ಜಾಗವೇ ನನ್ನನ್ನು ಹಿಡಿದು ನಿಲ್ಲಿಸಿತ್ತು. ಪಕ್ಕದ ಹೆಂಗಸು ನನ್ನ ಕಿವಿಯ ಹತ್ತಿರ "ಕುಠೇ ಉತರಣಾರ?" ಎಂದಳು. ಎಲ್ಲಿಗೆ ಎಂದು ಕೇಳುತ್ತಿರಬೇಕು ಎಂದುಕೊಂಡು "ಅಕ್ಕನ ಮನೆಗೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. "ಸಾಂತಾಕ್ರೂಜ್" ಎಂದ ಮೇಲೆ ಸಮಾಧಾನವಾಯಿತು. ಕೂಡಲೇ ನಾಲ್ಕು ಕೈಗಳು ಸೇರಿ ನನ್ನನ್ನು ಸರಿಸಿ ಒಂದು ಸಾಲಿಗೆ ಜೋಡಿಸಿದವು. ಬಾಂದ್ರಾದಲ್ಲಿ ಇಳಿಯುವವರು ಬಾಗಿಲಿಗೆ, ಅವರ ಹಿಂದೆ ಖಾರ್‌ನವರು, ಅವರ ಹಿಂದೆ ನಾನು.

ನಮ್ಮ ಕಡೆ ರೈಲಿನಲ್ಲಿ ಕೂತ ತಕ್ಷಣ ಯಾವೂರು, ಯಾರ ಮಗಳು, ಮದುವೆ ಯಾಕಾಗಿಲ್ಲ ಎಂದು ಕೇಳುತ್ತಾರೆ. ಇಲ್ಲಿ ಕೇಳುವುದು ಒಂದೇ ಪ್ರಶ್ನೆ, ಎಲ್ಲಿ ಇಳಿಯುತ್ತೀ. ಮದುವೆಯಾಗದ ನನಗೆ ಈ ಪದ್ಧತಿ ಮೊದಲ ದಿನವೇ ಹಿಡಿಸಿತು. ಸಾಂತಾಕ್ರೂಜ್ ಬಂದಾಗ ನಾನು ಇಳಿಯಲಿಲ್ಲ, ಹಿಂದಿನವರು ಇಳಿಸಿದರು. ಅಕ್ಕನಿಗೆಂದು ತಂದಿದ್ದ ಹಪ್ಪಳದ ಡಬ್ಬ ಚಪ್ಪಟೆಯಾಗಿ, ಒಳಗೆ ಹಪ್ಪಳವೆಲ್ಲ ಹಿಟ್ಟಾಗಿತ್ತು.

ಸಾಂತಾಕ್ರೂಜ್

ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಬಲಗಾಲಿಗೆ ಬಟ್ಟೆ ಸುತ್ತಿತ್ತು. ನನಗಿಂತ ಆರೇ ವರ್ಷ ದೊಡ್ಡವಳು, ನಮ್ಮಮ್ಮನ ಹಾಗೆ ಕಂಡಳು. ನನಗೆ ಅಳು ಬಂತು, ಸಿಟ್ಟೂ ಬಂತು.

"ಬಾರೇ ರುಕ್ಕು, ಎಷ್ಟು ಹಸಿದಿದೀಯೋ ಏನೋ. ಅನ್ನಕ್ಕಿಟ್ಟಿದೀನಿ" ಎಂದಳು.

"ಆ ಒಂದು ಪದ ನನ್ನೆದುರು ಎತ್ತಬೇಡ" ಎಂದೆ. ನಕ್ಕಳು. ನಗುವೊಂದು ಮಾತ್ರ ಹಳೆಯದೇ.

ಮೂರನೇ ಮಹಡಿ, ಎರಡು ಕೋಣೆ. ಅಡುಗೆಮನೆಯಲ್ಲಿ ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ಬರಬೇಕು. ವಿಮಾನಗಳು ನೆತ್ತಿಯ ಮೇಲೇ ಹಾರುತ್ತವೆ. ಮನೆಯವರು ಮಾತಿನ ಮಧ್ಯೆ ಬಾಯಿ ತೆರೆದೇ ನಿಂತು, ವಿಮಾನ ದಾಟಿದ ಮೇಲೆ ಅದೇ ಪದದಿಂದ ಮುಂದುವರಿಯುತ್ತಾರೆ. ಮೊದಲು ನಗು ಬಂತು, ಎರಡು ದಿನಕ್ಕೆ ನಾನೂ ಹಾಗೇ ಆದೆ.

ಅಕ್ಕನ ಮಗಳು ಮಾಲಿನಿ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಳು. ಅವಳ ಕನ್ನಡ ಮೂರು ಭಾಷೆಗಳ ಕೂಡುಸಾರು. "ಚಿಕ್ಕಮ್ಮ, ಮಮ್ಮಿ ಏಕದಮ್ ಜಿದ್ದಿ ಇದಾಳೆ. ನಾವು ಬೋಲ್‌ತೀವಿ, ಅವಳು ಹಾಂ ಹಾಂ ಅಂತಾಳೆ, ಫಿರ್ ಶುಗರ್ ಅಷ್ಟೇ ಹೈ" ಎಂದಳು. ಹೇಳುತ್ತ ಕಣ್ಣು ಒರೆಸಿಕೊಂಡಳು.

ಕಾವಲು ಕೆಲಸ ಅಂದೇ ಶುರುವಾಯಿತು. ಅಕ್ಕಿಯ ಡಬ್ಬ ನನ್ನ ಮಂಚದ ಕೆಳಗೆ ಬಂತು. ಮನೆಯವರಿಗೆಂದು ಹೊತ್ತುಹೊತ್ತಿಗೆ ಅಳೆದು ನಾನೇ ಕೊಡುತ್ತಿದ್ದೆ. ಅಕ್ಕನಿಗೆ ಎರಡು ಚಪಾತಿ, ಪಲ್ಯ. ಅವಳು ಅದನ್ನು ನನ್ನೆದುರೇ ತಿಂದಳು, ಔಷಧಿ ನುಂಗುವವಳ ಹಾಗೆ. "ಚಪಾತಿ ತಿಂದರೆ ಊಟ ಆದ ಹಾಗೇ ಇರಲ್ಲ ಕಣೇ. ತಿಂಡಿ ತಿಂದ ಹಾಗೆ" ಎಂದಳು. ಅದು ನಿಜ. ನಮ್ಮ ಕಡೆ ಅನ್ನ ಬಿದ್ದರೆ ಊಟ, ಮಿಕ್ಕಿದ್ದೆಲ್ಲ ತಿಂಡಿ.

ಕೆಳಗಿನ ಮನೆ

ಅಕ್ಕನಿಗೆ ಅನ್ನದಂಥದ್ದು ಬೇಕು, ಅನ್ನ ಆಗಬಾರದು. ಈ ಒಗಟಿಗೆ ಉತ್ತರ ಬಂದದ್ದು ನೆಲಮಹಡಿಯ ಲಾರೆನ್ಸ್ ಎಂಬವರಿಂದ. ಮಂಗಳೂರಿನವರು, ಸರಕು ಹಡಗಿನಲ್ಲಿ ಅಡುಗೆಯವರು, ವರ್ಷಕ್ಕೆ ಕೆಲವೇ ತಿಂಗಳು ನೆಲದ ಮೇಲಿರುವವರು. ಒಂದು ಸಂಜೆ ಗೋಣಿಬಟ್ಟೆಯ ಚೀಲವೊಂದನ್ನು ಹೊತ್ತು ಮೆಟ್ಟಿಲು ಹತ್ತಿ ಬಂದರು.

"ಇದು ಪೆರುವಿನದ್ದು ಟೀಚರೇ, ಕೀನ್ವಾ ಅಂತ ಹೇಳುವುದು. ಅಲ್ಲಿ ಬೆಟ್ಟದ ಮೇಲಿನ ಜನ ಅಕ್ಕಿ ಬದಲಿಗೆ ಇದನ್ನೇ ಉಣ್ಣುವುದು ಮಾರಾಯ್ರೆ. ಹೊಟ್ಟೆ ತುಂಬ ಹೊತ್ತು ತುಂಬಿದ ಹಾಗೆ ಇರ್ತದೆ. ಸೂಪಿನಲ್ಲಿ ಹಾಕಿದ್ದು ನಾನೂ ತಿಂದಿದ್ದೇನೆ, ಲಾಯ್ಕ ಉಂಟು."

"ನಿಮ್ಮ ಮನೆಗೆ ತಂದಿದ್ದಲ್ಲವೇ?" ಎಂದು ಕೇಳಿದೆ.

"ಅಮ್ಮನಿಗೆ ತಂದದ್ದು. ಅವರಿಗೂ ಸಕ್ಕರೆಯೇ. ಹಡಗು ದಡಕ್ಕೆ ಬರುವಾಗ ಅವರು ಇರಲಿಲ್ಲ" ಎಂದರು. ಚೀಲವನ್ನು ಬಾಗಿಲ ಬಳಿ ಇಳಿಸಿ, ಕೂರಲೂ ಇಲ್ಲದೆ ಹೋದರು.

ಅಕ್ಕ ಆ ಚೀಲವನ್ನು ದೇವರ ಗೂಡಿನ ಕೆಳಗೆ ಇಡಿಸಿದಳು. ತಾಯಿಗೆಂದು ಸಮುದ್ರ ದಾಟಿ ಬಂದ ಕಾಳನ್ನು ಸುಮ್ಮನೆ ಮೂಲೆಗೆ ತಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

ಅಂಗೈಗೆ ಸುರಿದುಕೊಂಡು ನೋಡಿದೆವು. ನವಣೆಗಿಂತ ದಪ್ಪ, ಸಾಬಕ್ಕಿಗಿಂತ ಸಣ್ಣ, ಮಾಸಲು ಬಿಳುಪು. ಪೆರುವಿನ ರಾಜಧಾನಿ, ನದಿ, ಗಣಿ ಎಲ್ಲ ನನಗೆ ಬಾಯಿಪಾಠ. ಅಲ್ಲಿನವರು ಏನು ಉಣ್ಣುತ್ತಾರೆ ಎಂಬುದು ನಮ್ಮ ಪಠ್ಯದಲ್ಲಿರಲಿಲ್ಲ. ಅಕ್ಕಿಯ ಹಾಗೆ ಒಂದು ನೀರು ತೊಳೆದು ಕುಕ್ಕರಿಗಿಟ್ಟೆ. ಸೀಟಿ ಬರುವ ಬದಲು ನೊರೆ ಬಂತು. ಒಲೆಯ ಮೇಲೆ, ಕಟ್ಟೆಯ ಮೇಲೆ, ಅಂಟುವಾಳದ ಕಾಯಿ ಕಿವುಚಿದ ಹಾಗೆ ಬುರುಬುರು ನೊರೆ. ಬಾಯಿಗಿಟ್ಟರೆ ಕಹಿ. ಭಾವ ಒಂದು ತುತ್ತು ಉಗಿದು, "ಹಡಗಿನವರು ಬಟ್ಟೆ ಒಗೆಯೋದು ಕೊಟ್ಟಿರಬೇಕು" ಎಂದರು. ಅವರು ತಮಾಷೆ ಮಾಡಿದ್ದು ನಾನು ಅದೊಂದೇ ಸಲ ಕೇಳಿದ್ದು.

ಲಾರೆನ್ಸ್ ತಲೆ ಕೆರೆದುಕೊಂಡರು. ಅವರು ಬೇರೆಯವರು ಬೇಯಿಸಿದ್ದನ್ನು ತಿಂದಿದ್ದರೇ ಹೊರತು ತಾವು ಬೇಯಿಸಿರಲಿಲ್ಲ. ಉಪಾಯ ಹೊಳೆದದ್ದು ಅಕ್ಕನಿಗೆ. "ನೊರೆಯಲ್ಲೇ ಕಹಿ ಇರೋದು. ನೊರೆ ಹೋಗೋವರೆಗೂ ತಿಕ್ಕಿ ತೊಳಿ" ಎಂದಳು. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಕಾದು, ನೀರು ತಿಳಿಯಾಗುವವರೆಗೆ ಕೈಯಲ್ಲಿ ಉಜ್ಜಿ ತೊಳೆದೆ. ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಒಂದಕ್ಕೆರಡು ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದೆ. ಪ್ರತಿ ಕಾಳೂ ಅರಳಿ, ಮೊಳಕೆಯಂಥ ಬಿಳಿಯ ಎಳೆಯೊಂದು ಸುರುಳಿ ಬಿಚ್ಚಿ ನಿಂತಿತು. ಅಕ್ಕ ಬಗ್ಗಿ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ" ಎಂದಳು.

ಅಲ್ಲಿಂದ ನಮ್ಮಿಬ್ಬರಿಗೂ ಹುರುಪು ಬಂತು. ಸಾಸಿವೆ, ಕರಿಬೇವು, ಶುಂಠಿ ಹಾಕಿ ಉಪ್ಪಿಟ್ಟು ಮಾಡಿದೆವು. ಉದ್ದಿನಬೇಳೆಯ ಜೊತೆ ನೆನೆಸಿ ರುಬ್ಬಿದರೆ ದೋಸೆ ಗರಿಗರಿಯಾಗಿ ಎದ್ದಿತು. ಬಿಸಿಬೇಳೆಗೆ ಹಾಕಿದಾಗ ಮಾತ್ರ ಹುಣಸೆಹುಳಿಯನ್ನು ಕುಡಿದು ಬಿಗಿದುಕೊಂಡಿತು. ಎಲ್ಲಕ್ಕಿಂತ ಒಪ್ಪಿದ್ದು ಮೊಸರು. ಆರಿದ ಕಾಳಿಗೆ ಮೊಸರು ಕಲಸಿ, ಸೌತೆಕಾಯಿ ಹೆಚ್ಚಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟೆ. ಅಕ್ಕ ಕೈಯಲ್ಲಿ ಕಲಸಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ಇದು ಊಟ ಕಣೇ" ಎಂದಳು. ನಾನು ಗೆದ್ದೆ ಎಂದುಕೊಂಡೆ.

ಪರೇಲಿನ ಡಾಕ್ಟರು ಕಾಳನ್ನು ಬೆರಳಲ್ಲಿ ಉರುಳಿಸಿ ನೋಡಿ, "ಅನ್ನದ ಬದಲು ತಿನ್ನಲಿ. ಆದರೆ ಇದೂ ಧಾನ್ಯವೇ, ಅಳತೆ ಇರಲಿ" ಎಂದರು. ಮುಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ. ಹುಣ್ಣು ಹಸಿಯಾಗೇ ಇತ್ತು.

"ನೋಡಿದೆಯಾ ನಿಮ್ಮಕ್ಕನ್ನ?" ಎಂದರು ಭಾವ. "ನಾಲಿಗೆ ಚಪಲ. ಬಾಯಿ ಕಟ್ಟಕ್ಕಾಗದವರಿಗೆ ದೇವರೂ ಏನೂ ಮಾಡಕ್ಕಾಗಲ್ಲ." ಅಕ್ಕ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಕೇಳಿಸಿರಲೇಬೇಕು.

ಮಧ್ಯಾಹ್ನದ ಅಡುಗೆಮನೆ

ಅದೊಂದು ಭಾನುವಾರ. ಎಲ್ಲರದ್ದೂ ಊಟವಾಗಿ, ಭಾವ ಮಲಗಿದ್ದರು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಕ್ಕ ಬಚ್ಚಲ ಕಟ್ಟೆಯ ಪಕ್ಕ ಸಣ್ಣ ಮಣೆಯ ಮೇಲೆ ಕೂತು, ಅನ್ನದ ಪಾತ್ರೆಯನ್ನೇ ತೊಡೆಯ ಮೇಲಿಟ್ಟುಕೊಂಡು, ತಳದಲ್ಲಿದ್ದ ಅನ್ನಕ್ಕೆ ಮಜ್ಜಿಗೆ ಹಾಕಿ ಗಬಗಬನೆ ಉಣ್ಣುತ್ತಿದ್ದಳು. ರುಚಿ ನೋಡಿ ತಿನ್ನುವವರ ಮುಖ ಹಾಗಿರುವುದಿಲ್ಲ. ಬೇಗ ಮುಗಿಸಬೇಕಾದ ಕೆಲಸ ಮಾಡುವವಳ ಮುಖ ಅದು.

"ಅಕ್ಕ! ಈಗಷ್ಟೇ ನನ್ನೆದುರು ಉಂಡೆಯಲ್ಲೇ!"

"ಅದು ನನ್ನ ಪಾಲಿನದು. ಇದು ಮಿಕ್ಕಿದ್ದು" ಎಂದಳು.

"ಮಿಕ್ಕಿದ್ದನ್ನ ಚೆಲ್ಲು."

"ಅನ್ನ ಚೆಲ್ಲಕ್ಕಾಗುತ್ತೇನೇ?" ಅವಳಿಗೆ ನಿಜವಾಗಿಯೂ ಗಾಬರಿಯಾಯಿತು. "ಪಾತ್ರೆ ತೊಳೆಯೋ ಶೇವಂತಾಬಾಯಿಗೆ ಕೊಟ್ಟರೆ ಬಾಸಿ, ಮಿಕ್ಕಿದ್ದು ಬೇಡ ಅಂತಾಳೆ, ಅವಳಿಗೂ ಮರ್ಯಾದೆ ಇರುತ್ತೆ. ನಾಳೆಗಿಟ್ಟರೆ ನಿಮ್ಮ ಭಾವಂಗೆ ತಂಗಳು ಆಗಲ್ಲ. ಮಾಲುಗೆ ಬೇಡ. ಮತ್ತೆ ಯಾರು ತಿನ್ನಬೇಕು?"

"ನಾನು ಅಳೆದು ಕೊಟ್ಟ ಅಕ್ಕಿ ಮಿಗೋದು ಹೇಗೆ?"

ಅವಳು ತಲೆ ತಗ್ಗಿಸಿದಳು. ಹಿಟ್ಟಿನ ಡಬ್ಬದ ಹಿಂದೆ ಅವಳದೇ ಸಣ್ಣ ಅಕ್ಕಿ ಡಬ್ಬಿಯೊಂದಿತ್ತು. ನಾನು ಕೊಟ್ಟದ್ದರ ಮೇಲೆ ಅದರಿಂದ ಒಂದು ಹಿಡಿ ಹಾಕುತ್ತಿದ್ದಳು. ಹೊತ್ತಲ್ಲದ ಹೊತ್ತಲ್ಲಿ ಬಂದವರಿಗೆ ಎಂದು ಒಂದು ಹಿಡಿ ಹೆಚ್ಚು ಹಾಕುವುದು ನಮ್ಮಜ್ಜಿ ಕಲಿಸಿದ್ದು. ನಮ್ಮೂರಿನಲ್ಲಿ ಆ ಹಿಡಿಗೆ ಯಾರಾದರೂ ಬಂದೇ ಬರುತ್ತಿದ್ದರು. ಬರದ ದಿನ ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು, ಹಸು ಕುಡಿಯುತ್ತಿತ್ತು. ಮುಂಬಯಿಯಲ್ಲಿ ಫೋನು ಮಾಡದೆ ಯಾರೂ ಯಾರ ಮನೆಗೂ ಬರುವುದಿಲ್ಲ. ಮೂರನೇ ಮಹಡಿಯಲ್ಲಿ ಹಸುವೂ ಇಲ್ಲ. ಆದರೂ ಮದುವೆಯಾಗಿ ಬಂದಂದಿನಿಂದ ಅಕ್ಕ ಎರಡು ಹೊತ್ತೂ ಬಾರದ ಅತಿಥಿಗೆ ಅನ್ನ ಮಾಡಿದ್ದಳು, ತಾನೇ ಅದನ್ನು ತಿಂದು ಮುಗಿಸಿದ್ದಳು. ಅವಳ ಹೊಟ್ಟೆಯೇ ಆ ಮನೆಯ ಕಲಗಚ್ಚಿನ ಬಾನಿ.

ಅವಳ ಎದುರು ನೆಲದ ಮೇಲೆ ಕೂತುಬಿಟ್ಟೆ. "ಚಪಲ ಅಂತಾರಲ್ಲೇ ನಿನ್ನ! ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಉಳಿದದ್ದು ತಿಂತೀನಿ ಅಂತಲಾ? ಅದೂ ಒಂದು ಹೇಳೋ ವಿಷಯವಾ?" ಎಂದಳು.

ಧಾರಾವಿ

ಮರುದಿನ ಮಾಲಿನಿಯ ಜೊತೆ ಧಾರಾವಿಗೆ ಹೋದೆ. ಹುಣ್ಣಿನ ಕಾಲಿಗೆ ಒತ್ತದ ಮೆತ್ತನೆಯ ಚಪ್ಪಲಿ ಅಲ್ಲಿ ಮಾಡಿಕೊಡುತ್ತಾರೆ ಎಂದು ಆಸ್ಪತ್ರೆಯವರು ಹೇಳಿದ್ದರು. ಹೊರಡುವ ಮೊದಲು ಅಕ್ಕನ ಪಾದವನ್ನು ಹಳೆಯ ಪೇಪರಿನ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಎಷ್ಟೋ ದೇಶಗಳ ಗಡಿ ಬರೆದ ಕೈ ಇದು. ಹೆಬ್ಬೆರಳಿನ ಜಾಗಕ್ಕೆ ಬಂದಾಗ ಗೆರೆಯನ್ನು ಒಳಕ್ಕೆ ತಿರುಗಿಸಿತು.

ಚರ್ಮದ ಕೆಲಸದವರ ಗಲ್ಲಿಯಲ್ಲಿ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಭೀಮಪ್ಪ ಎಂಬ ವಿಜಾಪುರದ ಕಡೆಯ ಕಸುಬುದಾರ, ಕನ್ನಡ ಕಿವಿಗೆ ಬಿದ್ದದ್ದೇ, "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಚರ್ಮದ ಸುರುಳಿ ಸರಿಸಿ ಜಾಗ ಮಾಡಿದ. ಗೆರೆಯನ್ನು ನೋಡಿದ.

"ಹೆಬ್ಬಟ್ಟ ಇಲ್ಲೇನ್ರಿ?"

"ಇಲ್ಲ."

ಮತ್ತೇನೂ ಕೇಳದೆ ಮೆತ್ತನೆಯ ಚರ್ಮ ಹುಡುಕತೊಡಗಿದ. ಅಷ್ಟರಲ್ಲಿ ಅವನ ಹೆಂಡತಿ ಶಾಂತವ್ವ ಊಟ ತಂದಿಟ್ಟಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ. ಗಂಡಹೆಂಡಿರಿಬ್ಬರೂ ಒಂದೇ ತಾಟಿಗೆ ಕೈಹಾಕಿ ಕೂತರು. ನಮಗೂ ಒಂದೊಂದು ರೊಟ್ಟಿ ಕೈಮೇಲೆ ಹಾಕಿದರು.

ನನ್ನ ತಲೆಯಲ್ಲಿ ಹಿಂದಿನ ದಿನದ್ದೇ ತಿರುಗುತ್ತಿತ್ತು. "ಉಳಿದರೆ ಏನ್ಮಾಡ್ತೀರಿ?" ಎಂದು ಕೇಳಿದೆ.

ಶಾಂತವ್ವನಿಗೆ ಇದೆಂಥ ಪ್ರಶ್ನೆ ಎನಿಸಿತು. "ಉಳದ್ರ ಉಳೀತಾವ್ರಿ. ಒಣಗಿಸಿ ಬುಟ್ಟ್ಯಾಗ ಇಟ್ರ ವಾರಗಟ್ಲೆ ಇರ್ತಾವ. ಯಾರಿಗಿ ಹಸಿವಾಕ್ಕೈತಿ ಅವರು ತಿಂತಾರ" ಎಂದಳು, ಕೆಮ್ಮುತ್ತ.

ಅವರ ಸಂಸಾರವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅಂಟಿನ ಗಾಳಿಗೆ ಆಕೆಯ ಎದೆ ಕಟ್ಟಿತ್ತು, ಅವರ ಕಷ್ಟ ಅವರಿಗೆ. ಆದರೆ ಆ ರೊಟ್ಟಿಯನ್ನು ಅಗಿಯುತ್ತ ನನಗೆ ಹೊಟ್ಟೆಕಿಚ್ಚಾಯಿತು. ಅಕ್ಕನಿಗೆ ಹೊಸ ಧಾನ್ಯ ಕೊಟ್ಟು ನಾವೇನು ಮಾಡಿದೆವು? ಅವಳ ಪಾಲಿಗೆ ಇನ್ನೊಂದು ಪಾತ್ರೆ ಸೇರಿಸಿದೆವು. ಅವಳು ಕೊನೆಯಲ್ಲಿ ಉಣ್ಣುವವಳಾಗಿರುವಷ್ಟು ದಿನ ಪೆರುವಿನದ್ದಾದರೇನು, ಸ್ವರ್ಗದ್ದಾದರೇನು.

ಮತ್ತೆ ಸಾಂತಾಕ್ರೂಜ್

ಭಾವ ಆಫೀಸಿನಿಂದ ಬಂದು ಕಾಫಿ ಕುಡಿದ ಮೇಲೆ ಎಲ್ಲವನ್ನೂ ಹೇಳಿದೆ. ಅವರ ಮುಖ ಕೆಂಪಾಯಿತು.

"ಉಳಿದದ್ದೆಲ್ಲ ತಿನ್ನು ಅಂತ ನಾನು ಅವಳಿಗೆ ಯಾವತ್ತಾದರೂ ಹೇಳಿದೀನಾ?"

ವಿಮಾನ ಹೋಯಿತು. ಇಬ್ಬರೂ ಬಾಯಿಮುಚ್ಚಿ ಒಬ್ಬರನ್ನೊಬ್ಬರು ನೋಡುತ್ತ ಕಾದೆವು. ಸದ್ದು ಅಡಗಿದ ಮೇಲೆ ನಾನು, "ಹೇಳಿಲ್ಲ ಭಾವ. ನಿನ್ನ ಊಟ ಆಯ್ತಾ ಅಂತಲೂ ಕೇಳಿಲ್ಲ" ಎಂದೆ. ಅವರು ಎದ್ದು ಹೊರಗಿನ ಗ್ಯಾಲರಿಗೆ ಹೋದರು.

ನಾನು ಮಾಡಿದ ಮೊದಲ ಕಾನೂನು, ಮನೆಯಲ್ಲಿ ಅನ್ನವೇ ಬೇಡ, ಎಲ್ಲರಿಗೂ ಕೀನ್ವಾ. ಆ ಸಂಜೆ ತರಕಾರಿ ಹಾಕಿ ಚೆನ್ನಾಗಿಯೇ ಮಾಡಿದ್ದೆ. ಮಾಲಿನಿ ತಿಂದಳು. ಭಾವ "ಗುಬ್ಬಿಗೆ ಹಾಕೋ ಕಾಳು" ಎಂದು ಅರ್ಧ ತಟ್ಟೆಯಲ್ಲೇ ಬಿಟ್ಟು ಎದ್ದರು. ನಾನು ಕೈತೊಳೆದು ಬರುವಷ್ಟರಲ್ಲಿ ಆ ಅರ್ಧ ಅಕ್ಕನ ಬಾಯಿಗೆ ಹೋಗಿತ್ತು. ಅವಳ ಪಾಲು ಇನ್ನೂ ಹಾಗೇ ಇತ್ತು. "ಲಾರೆನ್ಸ್ ಅವರಮ್ಮನಿಗೆ ತಂದಿದ್ದು ಕಣೇ, ಹೇಗೆ ಚೆಲ್ಲಲಿ?" ಎಂದಳು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಅವನ ಹೆಂಡತಿಯ ವಿಚಾರ ಗಾದೆ ಕಟ್ಟಿದವರಿಗೆ ಹೊಳೆಯಲಿಲ್ಲ.

ಎರಡನೆಯ ಕಾನೂನು, ಅಕ್ಕನಿಗೆ ಮೊದಲ ಊಟ. ಮರುದಿನ ಅವಳನ್ನು ಮೇಜಿನ ಮುಂದೆ ಕೂರಿಸಿ, ಅಳತೆಯಾಗಿ ಬಡಿಸಿ, ಎದುರು ಕೂತೆ. ಭಾವ ಪೇಪರು ಹಿಡಿದು ಪಕ್ಕದಲ್ಲೇ ಇದ್ದರು. ಅಕ್ಕ ಕಲಸಿದಳು. ಕೈ ಮೇಲೇಳಲಿಲ್ಲ.

"ಉಣ್ಣೇ."

"ಅವರು ಹಸಿದಿದಾರೆ ಕಣೇ."

"ಹಸಿದರೆ ಹಸೀಲಿ. ನೀನು ಉಣ್ಣು."

ತುತ್ತು ಬಾಯಿಯ ಹತ್ತಿರ ಹೋಗಿ ಹಿಂದೆ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ಗಂಟಲಲ್ಲಿ ಇಳಿಯಲ್ಲ ರುಕ್ಕು, ಹಿಂಸೆ ಮಾಡಬೇಡ" ಎಂದು ಎದ್ದು, ಕುಂಟುತ್ತ ಹೋಗಿ ಭಾವನಿಗೆ ತಟ್ಟೆ ತಂದಿಟ್ಟಳು. ನಾನು ಭಾವನನ್ನು ನೋಡಿದೆ. ಅವರು ಒಂದು ಮಾತು, ನೀನು ಕೂತು ಉಣ್ಣು ಎಂಬ ಒಂದೇ ಮಾತು ಆಡಿದ್ದರೆ ಸಾಕಾಗಿತ್ತು. ಅವರು ಪೇಪರು ಮಡಿಸಿಟ್ಟು ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ಅದೇ ವಾರ ಅಕ್ಕನಿಗೆ ಚಳಿಜ್ವರ ಬಂತು. ಕಾಲು ಹಿಮ್ಮಡಿಯವರೆಗೆ ಊದಿಕೊಂಡಿತು.

ಪರೇಲ್

ಪರೇಲಿನ ಆ ಆಸ್ಪತ್ರೆಯ ಕಾರಿಡಾರಿನಲ್ಲಿ ನಾಲ್ಕೈದು ರಾಜ್ಯಗಳ ಭಾಷೆಯಲ್ಲಿ ಜನ ಅಳುತ್ತಾರೆ. ಅಳು ಮಾತ್ರ ತಿಳಿಯುತ್ತದೆ. ನಮ್ಮೂರಿನ ಆಸ್ಪತ್ರೆಯಲ್ಲಾದರೆ ಪಕ್ಕದವರು ಬಂದು ಏನಾಯಿತು ಎಂದು ಕೇಳುತ್ತಾರೆ, ಬೇಡದ ಔಷಧಿ ಹೇಳುತ್ತಾರೆ. ಇಲ್ಲಿ ಒಬ್ಬಳು ಅಜ್ಜಿ ಏನೂ ಕೇಳದೆ ತನ್ನ ಚಾಪೆಯ ಅರ್ಧ ನನಗೆ ಬಿಟ್ಟುಕೊಟ್ಟು ಮಗ್ಗುಲು ತಿರುಗಿದಳು. ಆ ಅರ್ಧ ಚಾಪೆಯ ಉಪಕಾರವನ್ನು ನಾನು ಮರೆತಿಲ್ಲ.

ಡಾಕ್ಟರು ಪಾದದ ಮುಂಭಾಗವನ್ನು ತೆಗೆದರು. ಹಿಮ್ಮಡಿ ಉಳಿಯಿತು. ಮುಂದೆ ಊರುಗೋಲು ಹಿಡಿದು ನಡೆಯಬಹುದು, ಸಕ್ಕರೆ ಹತೋಟಿಯಲ್ಲಿದ್ದರೆ ನಂಜು ಮೇಲಕ್ಕೆ ಏರಲಾರದು, ಇಲ್ಲದಿದ್ದರೆ ಹೇಳಲಾಗದು ಎಂದರು. ಭಾವ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡರು. ಮಾಲಿನಿ ಬಿಕ್ಕಿಬಿಕ್ಕಿ ಅತ್ತಳು. ಅಕ್ಕ ಎಚ್ಚರಗೊಂಡ ಮೇಲೆ ಹೊದಿಕೆಯ ತಗ್ಗನ್ನು ನೋಡಿ, "ಹೋಯ್ತಾ?" ಎಂದಳು. ಹೂಂ ಎಂದೆ. "ಮಾಲು ಉಂಡಳಾ?" ಎಂದು ಕೇಳಿದಳು. ಆಸ್ಪತ್ರೆಯ ಊಟ ಬಂದರೆ ಎರಡು ಚಮಚ ತಿಂದು, ಉಳಿದದ್ದು ನಮಗೆ ಎಂದು ಮುಚ್ಚಿಡುತ್ತಿದ್ದಳು.

ನನ್ನ ಶಾಲೆ ತೆರೆಯುವ ದಿನ ಹತ್ತಿರವಾಗಿತ್ತು. ಟಿಕೆಟ್ಟಾಗಿತ್ತು. ಇವಳನ್ನು ಯಾರ ಕೈಗೆ ಬಿಟ್ಟು ಹೋಗಲಿ ಎಂಬ ಚಿಂತೆಯಲ್ಲಿ ವಾರ್ಡಿನಲ್ಲಿ ಕೂತಿದ್ದೆ. ಮಧ್ಯಾಹ್ನ ಭೇಟಿಯ ಹೊತ್ತಿಗೆ ಭಾವ ಬಂದರು. ಆಫೀಸಿಗೆ ರಜ ಹಾಕಿದ್ದರಂತೆ. ಕೈಯಲ್ಲಿ ಡಬ್ಬಿ. ಅಂಗಿಯ ತೋಳಿಗೆ ಅರಿಶಿನ ಹತ್ತಿತ್ತು, ಹೆಬ್ಬೆರಳು ಸುಟ್ಟು ಕೆಂಪಾಗಿತ್ತು.

"ಲಾರೆನ್ಸ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟ. ನಾನೇ ಮಾಡಿದ್ದು" ಎಂದರು ನನಗೆ. ಆಮೇಲೆ ಅಕ್ಕನ ಕಡೆ ತಿರುಗಿ, ಡಬ್ಬಿ ಬಿಚ್ಚಿ ತಟ್ಟೆಗೆ ಸುರಿದರು. ಕೀನ್ವಾ ಮುದ್ದೆಗಟ್ಟಿತ್ತು. ಬೀನ್ಸು ಒಂದೊಂದೂ ಒಂದೊಂದು ಉದ್ದ. ತಟ್ಟೆಯನ್ನು ಅಕ್ಕನ ತೊಡೆಯ ಮೇಲಿಟ್ಟು, ಸ್ಟೂಲನ್ನು ಎಳೆದು ಎದುರು ಕೂತರು.

"ನಿಮ್ಮದಾಯ್ತಾ?" ಎಂದಳು ಅಕ್ಕ.

"ಇಲ್ಲ."

"ಹಾಗಿದ್ರೆ ನೀವು ಮೊದಲು..."

"ಜಾನಕಿ" ಎಂದರು ಭಾವ. ಅವರ ಬಾಯಲ್ಲಿ ಅವಳ ಹೆಸರು ನಾನು ಕೇಳಿದ್ದು ಅದೇ ಮೊದಲು. ಅದುವರೆಗೆ ಅವಳು ಬರಿಯ "ಇವಳೇ". "ನೀನು ಉಣ್ಣದೆ ನಾನು ಉಣ್ಣಲ್ಲ. ಇವತ್ತೂ ಅಷ್ಟೇ, ನಾಳೆ ಮನೆಗೆ ಬಂದ ಮೇಲೂ ಅಷ್ಟೇ. ಹಸಿದು ಬಿದ್ದರೆ ಇಲ್ಲೇ ಇನ್ನೊಂದು ಮಂಚಕ್ಕೆ ಹಾಕ್ತಾರೆ ನನ್ನ."

ಅಕ್ಕ ನನ್ನ ಮುಖ ನೋಡಿದಳು. ಅವಳು ಒಂದು ತುತ್ತು ಬಾಯಿಗಿಟ್ಟಳು. ತುಂಬ ಹೊತ್ತು ಅಗಿದಳು. ಇನ್ನೊಂದು ಇಟ್ಟಳು. ಭಾವ ಅವಳ ಕೈಯನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶ ಓದುವುದನ್ನು ಕೇಳುವ ಹುಡುಗಿಯರ ಹಾಗೆ. ತಟ್ಟೆಯಲ್ಲಿ ಇನ್ನೂ ನಾಲ್ಕು ತುತ್ತು ಇರುವಾಗ ಅವಳು ಕೈ ತೆಗೆದಳು.

"ಹೊಟ್ಟೆ ತುಂಬಿತು. ಸಾಕು" ಎಂದಳು. ಅಕ್ಕ ಸಾಕು ಎಂದದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಭಾವ ತಟ್ಟೆಯನ್ನು ಎತ್ತಿಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. ತೊಳೆಯಲು ಒಯ್ಯುತ್ತಾರೆ ಎಂದುಕೊಂಡು ನಾನು ಕೈ ಚಾಚಿದೆ. ಅವರು ಅದೇ ತಟ್ಟೆಯಲ್ಲಿ ಕೈಯಿಟ್ಟು ಉಳಿದದ್ದನ್ನು ಉಣ್ಣತೊಡಗಿದರು.

"ಅಯ್ಯೋ, ನನ್ನ ಎಂಜಲು ಕಣ್ರೀ! ಬಿಡ್ರೀ, ಚೆಲ್ಲಿಬಿಡ್ರೀ ಅದನ್ನ!" ಎಂದು ಅಕ್ಕ ಅರ್ಧ ಎದ್ದು ಕೂತಳು.

"ಯಾಕೆ ಚೆಲ್ಲಬೇಕು? ಇಷ್ಟು ವರ್ಷ ನೀನು ತಿಂದಿದ್ದು ಯಾರದು?" ಎಂದರು ಭಾವ. ತಟ್ಟೆಯನ್ನು ಬೆರಳಿನಿಂದ ಬಳಿದು ಉಂಡರು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಕಾಲು ಹೋದ ದಿನ ಅವಳು ಅತ್ತಿರಲಿಲ್ಲ.